ಹೆಸರು ಬರುವ ಹೊತ್ತಿಗೆ ಎದ್ದುಹೋದವಳು

ಮೂವತ್ತು ವರ್ಷಕ್ಕೂ ಮೇಲೆ ನಾನು ಸಿನಿಮಾ ವಿಮರ್ಶೆ ಬರೆದೆ. ಅದರಲ್ಲಿ ಎಷ್ಟೋ ಸಿನಿಮಾಗಳ ಕೊನೆಯನ್ನು ನಾನು ನೋಡಿಯೇ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಜಾಗಕ್ಕೆ ಬಂದಿರುವ ಹುಡುಗಿ ಹೋದ ತಿಂಗಳು ಮನೆಗೆ ಬಂದು, "ಮೇಡಂ, ನಿಮ್ಮ ಅನುಭವ ಬರೆದುಕೊಡಿ, ನಮಗೆ ದಾರಿ ತೋರಿಸಿದ ಹಾಗಾಗುತ್ತೆ" ಅಂದಳು. ದಾರಿ ತೋರಿಸುವಷ್ಟು ನೆಟ್ಟಗೆ ನಡೆದವಳಲ್ಲ ನಾನು. ಎಲ್ಲೆಲ್ಲಿ ಎಡವಿದೆ ಎಂದು ಬೇಕಾದರೆ ಹೇಳಬಲ್ಲೆ.

ನಮ್ಮದು ಅರಸೀಕೆರೆಯ ಸಣ್ಣ ಪತ್ರಿಕೆ. ಕಚೇರಿ ಕೊಬ್ಬರಿ ಮಂಡಿಗಳ ಸಾಲಿನಲ್ಲಿತ್ತು, ಅಚ್ಚಾಗುತ್ತಿದ್ದುದು ಹಾಸನದಲ್ಲಿ. ನಾನು ಕರಡು ತಿದ್ದಲು ಸೇರಿದವಳು. ಸಿನಿಮಾ ಪುಟ ನೋಡಿಕೊಳ್ಳುತ್ತಿದ್ದವರು ಒಂದು ದಿನ ಹೇಳದೆ ಕೇಳದೆ ಕೆಲಸ ಬಿಟ್ಟರು. ಸಂಪಾದಕ ರುದ್ರಮುನಿಯವರು ಇಡೀ ಕಚೇರಿಯ ಮೇಲೆ ಒಮ್ಮೆ ಕಣ್ಣಾಡಿಸಿ, ಕೊನೆಗೆ ನನ್ನ ಮೇಜಿನ ಮುಂದೆ ಬಂದು ನಿಂತರು.

"ಗಿರಿಜಮ್ಮ, ನೀವು ಸಿನಿಮಾ ನೋಡ್ತೀರೇನ್ರಿ?"

"ವರ್ಷಕ್ಕೊಂದು, ಸಾರ್."

"ಹಾಗಾದ್ರೆ ಕಣ್ಣಿನ್ನೂ ಕೆಟ್ಟಿಲ್ಲ. ಶುಕ್ರವಾರದಿಂದ ನೀವೇ ಬರೀರಿ. ನಲವತ್ತು ಸಾಲು. ಕಥೆಗೆ ಹತ್ತು, ನಟನೆಗೆ ಹತ್ತು, ಹಾಡಿಗೆ ಹತ್ತು. ಮಿಕ್ಕ ಹತ್ತರಲ್ಲಿ ನಿಮ್ಮ ಸಿಟ್ಟು ತೀರಿಸ್ಕೊಳ್ಳಿ."

ನನ್ನ ಸಿಟ್ಟು ಯಾವತ್ತೂ ಹತ್ತು ಸಾಲಿಗೆ ಮುಗಿದದ್ದಿಲ್ಲ. ಅದಕ್ಕೇ ಇರಬೇಕು, ಆ ಪುಟ ನನಗೇ ಅಂಟಿಕೊಂಡಿತು.

ಶುಕ್ರವಾರ ಬಂದ ಸಿನಿಮಾದ ವಿಮರ್ಶೆ ಶನಿವಾರ ಬೆಳಿಗ್ಗೆ ಓದುಗರ ಕೈಯಲ್ಲಿರಬೇಕು ಎನ್ನುವುದು ರುದ್ರಮುನಿಯವರ ಹಟ. ಬೆಳಗಿನ ಹೊತ್ತು ನನಗೆ ಕರಡು ತಿದ್ದುವ ಕೆಲಸ ತಪ್ಪುತ್ತಿರಲಿಲ್ಲ, ಹಾಗಾಗಿ ಮ್ಯಾಟ್ನಿಗೇ ಹೋಗಬೇಕು. ಅದು ಮುಗಿಯುತ್ತಿದ್ದುದು ಐದೂಕಾಲಿಗೆ. ನಮ್ಮ ಬರಹದ ಕವರನ್ನು ಹಾಸನಕ್ಕೆ ಒಯ್ಯುವ ಬಸ್ಸು ಹೊರಡುತ್ತಿದ್ದುದು ಐದಕ್ಕೆ. ಅಂದರೆ ನಾಲ್ಕೂಕಾಲಿಗೆಲ್ಲ ನಾನು ಟಾಕೀಸಿನಿಂದ ಎದ್ದು, ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ನಲವತ್ತು ಸಾಲು ಗೀಚಿ, ಕಂಡಕ್ಟರ್ ಕೈಗೆ ಕೊಡಬೇಕು. ನಾಲ್ಕೂಕಾಲಿಗೆ ಪರದೆಯ ಮೇಲೆ ಇನ್ನೂ ನಾಯಕನ ತಂಗಿಯ ಮದುವೆ ನಿಂತುಹೋಗಿ ಎಲ್ಲರೂ ಅಳುತ್ತಿರುತ್ತಿದ್ದರು.

ಹಾಗಾದರೆ ಕೊನೆ ಏನಾಯಿತು ಎಂದು ನನಗೆ ಹೇಳುತ್ತಿದ್ದವರು ಗೇಟ್‌ಕೀಪರ್ ಖಾದರ್ ಸಾಬರು. ಅವರು ಬೆಳಗಿನ ಆಟವನ್ನೇ ಪೂರ್ತಿ ನೋಡಿರುತ್ತಿದ್ದರು. ನಾನು ಹೊರಗೆ ಬರುವಾಗ ಬಾಗಿಲ ಪರದೆ ಎತ್ತಿ ಹಿಡಿದು, ಎರಡೇ ಮಾತಿನಲ್ಲಿ ಮುಗಿಸುತ್ತಿದ್ದರು: "ತಂಗಿ ಮದ್ವೆ ಆಗ್ತದೆ ಮೇಡಂ. ಕೇಡಿ ಬಾವೀಗೆ ಬೀಳ್ತಾನೆ." ಅಷ್ಟು ಚೊಕ್ಕವಾಗಿ ಕಥೆ ಹೇಳಲು ನನಗೆ ಇವತ್ತಿಗೂ ಬರುವುದಿಲ್ಲ. ಅವರ ಮೇಲೆ ನನಗೆ ತುಂಬಾ ಪ್ರೀತಿ ಇತ್ತು.

ಒಂದು ಸಲ ಅವರೇ ನನ್ನನ್ನು ಮುಳುಗಿಸಿದರು. "ಹೀರೋ ಸತ್ತೋಗ್ತಾನೆ ಮೇಡಂ, ಹೆಂಗಸ್ರೆಲ್ಲ ಗೋಳೋ ಅಂತಾರೆ" ಅಂದರು. ನಾನು ನಾಯಕನ ಸಾವು ಕರುಳು ಹಿಂಡುತ್ತದೆ ಎಂದು ನಾಲ್ಕು ಸಾಲು ಬರೆದೆ. ಖಾದರ್ ಸಾಬರು ಅಷ್ಟಾದ ಮೇಲೆ ಚಹಾ ಕುಡಿಯಲು ಹೋಗಿದ್ದರಂತೆ. ಅವರು ಚಹಾ ಕುಡಿಯುವಷ್ಟರಲ್ಲಿ ನಾಯಕ ಆಸ್ಪತ್ರೆಯಲ್ಲಿ ಕಣ್ಣುಬಿಟ್ಟು, ಒಂದು ಹಾಡು ಹಾಡಿ, ಮದುವೆಯನ್ನೂ ಆಗಿದ್ದ. ಶನಿವಾರ ನಾನು ಮಂಡಿ ಸಾಲಿನಲ್ಲಿ ನಡೆದು ಬರುತ್ತಿದ್ದರೆ ಕೊಬ್ಬರಿ ಚೀಲ ತೂಗುತ್ತಿದ್ದವರೆಲ್ಲ, "ಏನ್ರೀ ಮೇಡಂ, ಬದುಕಿರೋನ್ನ ಸಾಯಿಸ್ಬಿಟ್ರಲ್ರೀ!" ಎಂದು ಕೂಗಿದರು. ನಾನು ಅಳುಮುಖ ಮಾಡಿಕೊಂಡು ಸಂಪಾದಕರ ಮುಂದೆ ನಿಂತು, ತಿದ್ದುಪಡಿ ಹಾಕೋಣ ಸಾರ್ ಎಂದೆ.

"ವಿಮರ್ಶೆಗೆ ತಿದ್ದುಪಡಿ ಹಾಕೋ ಪದ್ಧತಿ ಇಲ್ಲ ಕಣ್ರೀ" ಎಂದರು ರುದ್ರಮುನಿಯವರು, ಕನ್ನಡಕ ಒರೆಸುತ್ತಾ. "ವಿಮರ್ಶೆ ಅನ್ನೋದು ಅಭಿಪ್ರಾಯ. ನಿಮ್ಮ ಅಭಿಪ್ರಾಯದಲ್ಲಿ ಅವನು ಸತ್ತಿದಾನೆ. ಹೋಗಿ ಕೆಲಸ ನೋಡಿ."

ಅಲ್ಲಿಂದಾಚೆಗೆ ನಾನು ಕೊನೆಯ ಸುದ್ದಿಗೇ ಹೋಗುತ್ತಿರಲಿಲ್ಲ. ಕೊನೆಯ ತಿರುವನ್ನು ಪರದೆಯ ಮೇಲೇ ನೋಡಿ ಎಂದು ಬರೆದು ಕೈ ತೊಳೆದುಕೊಳ್ಳುತ್ತಿದ್ದೆ. ಕಥೆಯ ಗುಟ್ಟು ಬಿಟ್ಟುಕೊಡದ ಒಳ್ಳೆಯ ವಿಮರ್ಶಕಿ ಎಂದು ಬಾಣಾವರದ ಓದುಗರೊಬ್ಬರು ಮೆಚ್ಚಿ ಕಾಗದ ಬರೆದಿದ್ದರು. ಆ ಕಾಗದವನ್ನು ನಾನು ನಾಚಿಕೆಯಿಂದಲೇ ಎತ್ತಿಟ್ಟುಕೊಂಡಿದ್ದೇನೆ.

ರುದ್ರಮುನಿಯವರ ಬಗ್ಗೆ ಇನ್ನೊಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ನಾನು "ಅದ್ಭುತ" ಎಂದು ಬರೆದ ಕಡೆಯೆಲ್ಲ ಅವರು ಕೆಂಪು ಮಸಿಯಲ್ಲಿ ಗೆರೆ ಎಳೆದು, ಪಕ್ಕದಲ್ಲಿ "ಯಾರಿಗೆ?" ಎಂದು ಬರೆಯುತ್ತಿದ್ದರು. ಮೊದಮೊದಲು ಮೈ ಉರಿಯುತ್ತಿತ್ತು. ಆಮೇಲೆ ಅದು ಸರಿಯಾದ ಪ್ರಶ್ನೆ ಎಂದು ಗೊತ್ತಾಯಿತು. ಒಂದು ಸಿನಿಮಾ ಕೆಟ್ಟದ್ದು ಎಂದರೂ ಯಾರಿಗೆ ಕೆಟ್ಟದ್ದು ಎಂದು ಕೇಳಿಕೊಳ್ಳಬೇಕು. ಈಗ ಅವರಿಲ್ಲ. ಕೆಂಪು ಮಸಿ ಕಂಡರೆ ನನಗೆ ಇವತ್ತಿಗೂ ಅವರ ನೆನಪಾಗುತ್ತದೆ.

ಕಾಲ ಬದಲಾಯಿತು. ಕವರು ಹೋಗಿ ಫ್ಯಾಕ್ಸು, ಫ್ಯಾಕ್ಸು ಹೋಗಿ ಇಮೇಲು ಬಂತು. ಟಾಕೀಸು ಮುಚ್ಚಿ ಕೊಬ್ಬರಿ ಗೋದಾಮಾಯಿತು. ಬಸ್ಸಿನ ಅವಸರ ಯಾವತ್ತೋ ಇಲ್ಲವಾದರೂ ನನ್ನ ಕಾಲು ಮಾತ್ರ ಬದಲಾಗಲಿಲ್ಲ. ಮುಗಿಯುವ ಲಕ್ಷಣ ಕಂಡರೆ ಸಾಕು, ಚಪ್ಪಲಿ ಹುಡುಕುತ್ತಿತ್ತು. ಪರದೆಯ ಮೇಲೆ ಸಿನಿಮಾ ಮಾಡಿದವರ ಹೆಸರುಗಳು ಬರಲು ಶುರುವಾದ ಮೇಲೆ ನಾನು ಕುಳಿತದ್ದೇ ಇಲ್ಲ.

ನಿವೃತ್ತಿಗೆ ಕೆಲವೇ ತಿಂಗಳಿದ್ದಾಗ ಹೊಸ ಸಂಪಾದಕ ನವೀನ್ ಫೋನು ಮಾಡಿದ. ನನಗಿಂತ ಮೂವತ್ತು ವರ್ಷ ಚಿಕ್ಕವನು, ಮರ್ಯಾದೆ ಗೊತ್ತಿರುವವನು.

"ಮೇಡಂ, ಆ್ಯನಿಮೇಷನ್ ಸರಣಿ ಒಂದು ಬಂದಿದೆ. ಸೈನ್ಸ್ ಫಿಕ್ಷನ್, ಕನ್ನಡದ್ದೇ. ವಾರಕ್ಕೊಂದು ಕಂತು. ನೀವೇ ಬರೀಬೇಕು."

"ಬೊಂಬೆ ಚಿತ್ರಕ್ಕೆ ನಾನ್ಯಾಕಪ್ಪಾ? ಚಿಕ್ಕೋರು ಯಾರೂ ಇಲ್ವಾ?"

"ಚಿಕ್ಕೋರು ಎಲ್ಲಾನೂ ಸೂಪರ್ ಅಂತಾರೆ, ಮೇಡಂ."

ಸರಣಿಯ ಹೆಸರು 'ದೂರದ ಡಿಪೋ'. ಆಕಾಶದಲ್ಲಿ ಎಲ್ಲೋ ಒಂದು ಡಿಪೋ. ಹಳೇ ಗಗನನೌಕೆಗಳು ಅಲ್ಲಿಗೆ ರಿಪೇರಿಗೆ ಬರುತ್ತವೆ. ಹೊನ್ನಿ ಎಂಬ ಮೆಕ್ಯಾನಿಕ್ ಹುಡುಗಿ, ಅವಳ ಜೊತೆಗೆ ಗುಂಡ ಎಂಬ ಮುದಿ ಯಂತ್ರಮನುಷ್ಯ. ಬಂದ ನೌಕೆಯನ್ನೆಲ್ಲ ಗುಂಡ ಸುತ್ತು ಹಾಕಿ, "ಬನ್ನಿ, ಈ ಕಡೆಯಿಂದ ನೋಡ್ಕೊಂಡು ಬನ್ನಿ" ಎಂದು ಎಲ್ಲರಿಗೂ ತೋರಿಸುತ್ತಾನೆ. ಮೊದಲ ಕಂತಿಗೆ ಮುಖ ಸಿಂಡರಿಸಿಕೊಂಡು ಕೂತ ನಾನು ಮೂರನೆಯ ಕಂತಿಗೆ ಗುಂಡನಿಗಾಗಿ ಕಾಯತೊಡಗಿದೆ. ನಮ್ಮ ಯಜಮಾನರು ಅರಸೀಕೆರೆ ಜಂಕ್ಷನ್ನಿನಲ್ಲಿ ಸಿಗ್ನಲ್ ಕ್ಯಾಬಿನ್ ನೋಡಿಕೊಂಡಿದ್ದವರು. ಅವರದು ಬೇರೆಯೇ ತಕರಾರು. "ಅಷ್ಟು ದೊಡ್ಡ ಗಾಡಿ ಒಳೀಕ್ ಬತ್ತಾ ಐತೆ, ಲೈನ್ ಕ್ಲಿಯರ್ ಕೊಟ್ಟೋರು ಯಾರು?" ಎಂದು ಪ್ರತಿ ಕಂತಿನಲ್ಲೂ ಕೇಳುತ್ತಿದ್ದರು. ಆದರೂ ಒಂದು ವಾರ ತಪ್ಪಿಸಲಿಲ್ಲ.

ಎಂಟನೆಯದು ಆ ವರ್ಷದ ಕೊನೆಯ ಕಂತು. ದಾರಿ ತಪ್ಪಿದ ಒಂದು ದೊಡ್ಡ ನೌಕೆಯಲ್ಲಿ ನೂರಾರು ಜನ ಸಿಕ್ಕಿಕೊಂಡಿದ್ದಾರೆ. ಅವರನ್ನು ಊರು ಸೇರಿಸುವ ನಕ್ಷೆ ಹಿಡಿಸುವಷ್ಟು ಜಾಗ ಇರುವುದು ಗುಂಡನ ತಲೆಯಲ್ಲಿ ಮಾತ್ರ. ಆದರೆ ನಕ್ಷೆ ತುಂಬಿಕೊಳ್ಳಬೇಕಾದರೆ ಅವನ ಹಳೆಯ ನೆನಪೆಲ್ಲ ಅಳಿಸಿಹೋಗಬೇಕು. ಗುಂಡ ಆಗಲಿ ಅನ್ನುತ್ತಾನೆ. ಜನ ಉಳಿಯುತ್ತಾರೆ. ಗುಂಡ ಹೊನ್ನಿಯನ್ನು ನೋಡಿ, "ನೀವು ಎಲ್ಲಿಂದ ಬಂದ್ರಿ?" ಎಂದು ಕೇಳುತ್ತಾನೆ. ಹೊನ್ನಿ ಸುಮ್ಮನೆ ಎದ್ದು ಹೋಗುತ್ತಾಳೆ. ದೀಪ ಆರುತ್ತದೆ. ಹೆಸರುಗಳು ಬರಲು ಶುರುವಾದವು.

"ಇನ್ನೂ ಏನೋ ಐತೆ ಕಣೇ, ಪಕ್ಕದಾಗೆ ಚಿತ್ರ ಬತ್ತಾ ಐತೆ" ಎಂದರು ಯಜಮಾನರು.

"ಅದು ಹೆಸರು ರೀ. ಮುಗೀತು" ಎಂದು ನಾನು ಟೀವಿ ಆರಿಸಿದೆ.

ನನಗೆ ಕೋಪ ಉಕ್ಕಿ ಬಂದಿತ್ತು. ನಡುವಿನ ಕಾಳಗ ಅಗತ್ಯಕ್ಕಿಂತ ಉದ್ದವಾಯಿತು, ಬೀಳ್ಕೊಡುವ ಮಾತಿಗೆ ಜಾಗ ಇಲ್ಲವಾಯಿತು ಎಂದು ಬರೆದೆ. ಅದು ನ್ಯಾಯವಾದ ಮಾತೇ. ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸದೆ ಇನ್ನೂ ಬರೆದೆ: "ಇಷ್ಟು ದಿನ ನಮ್ಮನ್ನು ನಗಿಸಿದ ಗುಂಡನನ್ನು, ನೆನಪು ಹೋಯಿತೆಂಬ ಒಂದೇ ಕಾರಣಕ್ಕೆ ಕತ್ತಲಲ್ಲಿ ಕೂರಿಸಿ ಎದ್ದುಹೋಗಿದ್ದಾರೆ. ಅವನನ್ನು ಬರೆದವರಿಗೇ ಅವನು ಬೇಡವಾಗಿದ್ದಾನೆ." ಬರೆದು ಮುಗಿಸಿದಾಗ ತುಂಬಾ ಚೆನ್ನಾಗಿದೆ ಎಂದು ನನಗೇ ಅನ್ನಿಸಿತು. ಬರೆದದ್ದು ನಿಮಗೇ ತುಂಬಾ ಚೆನ್ನಾಗಿದೆ ಎನ್ನಿಸಿದಾಗ ಒಂದು ಸಲ ಎದ್ದು ನೀರು ಕುಡಿದು ಬನ್ನಿ.

ಪತ್ರಿಕೆ ಬಂದ ಮೂರನೆಯ ದಿನ ಒಂದು ಫೋನು ಬಂತು. ವಯಸ್ಸಾದ ಹೆಂಗಸಿನ ದನಿ.

"ಗಿರಿಜಮ್ಮೋರಾ? ನಾನು ಜಯಮ್ಮ ಅಂತ. ಹಳೇಬೀಡಿನ ಪಕ್ಕ ಬಸ್ತಿಹಳ್ಳಿಯಿಂದ ಮಾತಾಡ್ತಿದೀನಿ. ಡಿಪೋ ಬರೆದೋಳು ನನ್ ಮಗಳು, ಚೈತ್ರಾ."

ನಾನು ಹೌಹಾರಿದೆ. ಅದು ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ಆದದ್ದು ಎಂದುಕೊಂಡಿದ್ದೆ. ಬೇಲೂರಿನಲ್ಲಿ ಒಂದು ಬೇಕರಿಯ ಮೇಲಿನ ಎರಡು ಕೋಣೆಯಲ್ಲಿ ಏಳು ಜನ ಕೂತು ಮಾಡಿದ್ದಂತೆ. ಹೆಸರುಗಳನ್ನು ಓದಿದ್ದರೆ ಊರಿನ ಹೆಸರೂ ಕಾಣಿಸುತ್ತಿತ್ತು.

"ಬೈಯಕ್ಕೆ ಮಾಡ್ಲಿಲ್ಲ ತಾಯಿ. ಒಂದು ಕೇಳ್ಬೇಕಿತ್ತು. ಕೊನೇವರ್ಗೂ ನೋಡಿದ್ರಾ?"

"ನೋಡ್ದೆ" ಎಂದೆ. ಅಷ್ಟು ವರ್ಷದ ಅಭ್ಯಾಸ, ಬಾಯಿ ತಾನಾಗಿ ಹೇಳಿತು.

"ಹೆಸ್ರು ಬರೋವಾಗ್ಲೂ?"

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಂಡೆ. ಜಯಮ್ಮ "ಇನ್ನೊಂದ್ಸಲ ನೋಡಿ ತಾಯಿ" ಎಂದಷ್ಟೇ ಹೇಳಿ ಇಟ್ಟರು.

ಆ ಮಧ್ಯಾಹ್ನವೇ ಆ ಕಂತನ್ನು ಮತ್ತೆ ಹಾಕಿಕೊಂಡು ನೋಡಿದೆ. ಹೆಸರುಗಳ ಪಕ್ಕದಲ್ಲಿ, ಅಂಗೈ ಅಗಲದ ಜಾಗದಲ್ಲಿ ಚಿತ್ರ ಓಡುತ್ತದೆ. ಹೊನ್ನಿ ಒಂದು ಸ್ಟೂಲು ತರಲು ಹೋಗಿದ್ದಳು, ಅಷ್ಟೆ. ತಂದು ಗುಂಡನ ಪಕ್ಕ ಕೂತು, ಮುಂದೆ ನಿಂತ ನೌಕೆಯನ್ನು ತೋರಿಸುತ್ತಾ, "ಕೆಳಗೆ ಚಕ್ರ, ಅದರ ಮೇಲೆ ಇಂಜಿನು, ಅದರ ಮೇಲೆ ಟ್ಯಾಂಕು" ಎಂದು ಹೇಳುತ್ತಾಳೆ. ಮಾರನೆಯ ದಿನ ಮತ್ತೆ ಅದನ್ನೇ. ಹೊನ್ನಿಯ ತಲೆಗೂದಲು ನೆರೆಯುತ್ತದೆ, ಸ್ಟೂಲಿನ ಕಾಲು ಮುರಿದು ಹೊಸದು ಬರುತ್ತದೆ, ಅವಳು ಹೇಳುತ್ತಲೇ ಇರುತ್ತಾಳೆ. ಕಟ್ಟಕಡೆಗೆ ಗುಂಡ ಮೆಲ್ಲಗೆ ತಲೆಯೆತ್ತಿ, "ಟ್ಯಾಂಕಿನ ಮೇಲೆ?" ಎಂದು ಕೇಳುತ್ತಾನೆ. ಅದೇ ಕೊನೆ.

ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. "ಅವತ್ತೇ ಅಂದೆ, ಇನ್ನೂ ಐತೆ ಅಂತ" ಎಂದು ಯಜಮಾನರು ಗೊಣಗಿ, ಕಾಫಿ ಮಾಡಲು ತಾವೇ ಎದ್ದುಹೋದರು.

ಭಾನುವಾರ ಜಾವಗಲ್ ಮೇಲೆ ಹೋಗುವ ಬಸ್ಸು ಹಿಡಿದು ಹಳೇಬೀಡಿಗೆ ಹೋದೆ. ಅಲ್ಲಿಂದ ಬಸ್ತಿಹಳ್ಳಿಗೆ ನಡೆದೇ ಹೋಗಬಹುದು. ಜಯಮ್ಮನವರ ಮನೆಯ ಜಗಲಿಯ ಮೇಲೆ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟ ಹಿರಿಯರೊಬ್ಬರು ಕೂತಿದ್ದರು. ನನ್ನನ್ನು ಕಂಡೊಡನೆ ಎದ್ದು ಕೈ ಚಾಚಿ, "ಬನ್ನಿ, ಈ ಕಡೆಯಿಂದ ನೋಡ್ಕೊಂಡು ಬನ್ನಿ" ಎಂದರು.

ಗುಂಡ ಯಾರೆಂದು ಆಗ ಗೊತ್ತಾಯಿತು.

ಅವರು ಜಯಮ್ಮನವರ ಯಜಮಾನರು, ಗುರುಬಸಪ್ಪ. ಹಳೇಬೀಡಿನ ದೇವಸ್ಥಾನದಲ್ಲಿ ಜೀವಮಾನವಿಡೀ ಗೈಡ್ ಆಗಿದ್ದವರು. ನಾಲ್ಕು ವರ್ಷದಿಂದ ಒಂದೊಂದೇ ಮರೆಯುತ್ತಾ ಬಂದು, ಈಗ ಮಗಳ ಹೆಸರೂ ನೆನಪಿಲ್ಲ. ಜಯಮ್ಮ ಅವರನ್ನು ದಿನಾ ಬೆಳಿಗ್ಗೆ ದೇವಸ್ಥಾನದ ಗೋಡೆಯ ಮುಂದೆ ಕರೆದುಕೊಂಡು ಹೋಗಿ, "ಕೆಳಗೆ ಆನೆ, ಅದರ ಮೇಲೆ ಸಿಂಹ, ಅದರ ಮೇಲೆ ಬಳ್ಳಿ, ಆಮೇಲೆ ಕುದುರೆ" ಎಂದು ಸಾಲುಸಾಲಾಗಿ ಹೇಳಿಕೊಡುತ್ತಾರೆ. ಊರಿಗೆಲ್ಲ ಹೇಳಿಕೊಟ್ಟವರಿಗೆ ಈಗ ಜಯಮ್ಮ ಹೇಳಿಕೊಡುವುದು.

"ನಮ್ಮೂರೋರು ಗುಂಡನ್ನ ನೋಡಿದ್ ತಕ್ಷಣ ಕಂಡುಹಿಡಿದ್ರು ತಾಯಿ" ಎಂದರು ಜಯಮ್ಮ, ನನಗೆ ಮಜ್ಜಿಗೆ ಕೊಡುತ್ತಾ. "ನಡಿಗೆ, ಮಾತು, ಎಲ್ಲಾ ಇವರದೇ. ಮಗಳು ಅಪ್ಪನ್ನ ಬಿಟ್ಟು ಬೇಲೂರು ಸೇರ್ಕೊಂಡವ್ಳೆ ಅಂತ ಮೊದ್ಲೇ ಆಡ್ಕೊಳ್ತಿದ್ರು. ಈಗ ಪೇಪರ್ ತಂದು ತೋರಿಸ್ತಾರೆ. ನೋಡಿ ಜಯಮ್ಮ, ಪೇಪರ್‌ನಾಗೂ ಹಂಗೇ ಐತೆ, ನೆನಪು ಹೋಯ್ತು ಅಂತ ಬೇಡವಾದ ಅಂತಾರೆ. ಅವಳು ವಾರಕ್ಕೆ ಮೂರು ದಿನ ಬತ್ತಾಳೆ. ಅದು ಯಾರಿಗೂ ಕಾಣಕಿಲ್ಲ."

ಮಜ್ಜಿಗೆಯ ಲೋಟವನ್ನು ಕೆಳಗಿಟ್ಟೆ. ನಾನು ಒಂದು ಬೊಂಬೆ ಚಿತ್ರವನ್ನು ಬೈದೆ ಎಂದುಕೊಂಡಿದ್ದೆ. ಬೈದದ್ದು ಈ ಮನೆಯ ಮಗಳನ್ನು.

ಚೈತ್ರಾ ಒಳಗಿದ್ದಳು, ಅಪ್ಪನ ಅಂಗಿಗೆ ಗುಂಡಿ ಹಾಕುತ್ತಿದ್ದಳು. ಮೂವತ್ತರ ಹತ್ತಿರದ ಹುಡುಗಿ, ಮುಖದಲ್ಲಿ ಸಿಟ್ಟು ಇರಲಿಲ್ಲ, ನಿದ್ದೆಗೆಟ್ಟ ಕಣ್ಣು. ಕ್ಷಮೆ ಕೇಳಿದೆ. ಕೇಳಿದ ಮೇಲೂ ವಿಮರ್ಶಕಿಯ ಬುದ್ಧಿ ಸುಮ್ಮನಿರಲಿಲ್ಲ.

"ಅಲ್ಲಮ್ಮಾ, ಇಡೀ ಸರಣಿಯ ಜೀವವೇ ಅದು. ಅದನ್ನ ಹೆಸರಿನ ಪಕ್ಕ ಅಷ್ಟು ಸಣ್ಣದಾಗಿ ಯಾಕೆ ಹಾಕ್ದೆ? ಎಲ್ಲರೂ ನನ್ನ ಹಾಗೇ ಎದ್ದುಹೋಗಿರ್ತಾರೆ."

"ಗೊತ್ತು ಮೇಡಂ" ಎಂದಳು ಚೈತ್ರಾ, ದಾರ ಕಡಿಯುತ್ತಾ. "ಅಮ್ಮ ದಿನಾ ಹೇಳಿಕೊಡೋದನ್ನ ಯಾರು ನಿಂತು ನೋಡ್ತಾರೆ? ಜನ ಎಲ್ಲಾ ಎದ್ದುಹೋದ ಮೇಲೇ ಅಲ್ವಾ ಅದು ನಡೆಯೋದು? ಅದಕ್ಕೇ ಅಲ್ಲಿ ಹಾಕಿದ್ದು."

ಅಷ್ಟು ವರ್ಷ ವಿಮರ್ಶೆ ಬರೆದವಳಿಗೆ ಒಂದು ಕಥೆಯ ಕೊನೆ ಎಲ್ಲಿರಬೇಕು ಎಂದು ಆ ಹುಡುಗಿ ಗುಂಡಿ ಹೊಲಿಯುತ್ತಾ ಹೇಳಿಕೊಟ್ಟಳು.

ಸೋಮವಾರ ಕಚೇರಿಗೆ ಹೋಗಿ ನವೀನನಿಗೆ ಎಲ್ಲವನ್ನೂ ಹೇಳಿದೆ. ಅವನು ಕಂಪ್ಯೂಟರಿನ ಕಡೆ ತಿರುಗಿ, "ಅದಕ್ಕೇನಂತೆ ಮೇಡಂ, ವೆಬ್‌ಸೈಟಲ್ಲಿ ಆ ಎರಡು ವಾಕ್ಯ ತೆಗೆದುಬಿಡ್ತೀನಿ. ಯಾರಿಗೂ ಗೊತ್ತಾಗಲ್ಲ" ಎಂದ. ಒಂದು ಕ್ಷಣ ನನಗೂ ಆಸೆಯಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಬಸ್ತಿಹಳ್ಳಿಯವರು ಓದುವುದು ವೆಬ್‌ಸೈಟನ್ನಲ್ಲ, ಚಹಾದಂಗಡಿಯ ಪೇಪರನ್ನು. ಅದರಲ್ಲಿ ಅಚ್ಚಾದದ್ದನ್ನು ಯಾರು ಅಳಿಸುತ್ತಾರೆ?

"ಅಚ್ಚಲ್ಲೇ ಬರಬೇಕು ಕಣಪ್ಪಾ. ಅದೇ ಜಾಗದಲ್ಲಿ, ಅಷ್ಟೇ ಉದ್ದ. ನಾನು ಕೊನೆ ನೋಡದೆ ಬರೆದೆ ಅಂತಲೂ ಇರಬೇಕು."

"ಮೇಡಂ, ಇನ್ನೆರಡು ತಿಂಗಳಿಗೆ ನಿಮ್ಮ ಬೀಳ್ಕೊಡುಗೆ. ಇಷ್ಟು ವರ್ಷದ ಹೆಸರು. ಬೇರೆ ಎಷ್ಟು ವಿಮರ್ಶೆ ಹೀಗೆ ಬರೆದ್ರು ಅಂತ ಜನ ಕೇಳಲ್ವಾ?"

"ಕೇಳ್ಲಿ. ಅದನ್ನೂ ಬರೀತೀನಿ."

ಬರೆದೆ. ಟಾಕೀಸು, ಬಸ್ಸು, ಖಾದರ್ ಸಾಬರು, ಯಾವುದನ್ನೂ ಬಿಡಲಿಲ್ಲ. ಕಾಳಗ ಉದ್ದವಾಯಿತೆಂಬ ಮಾತನ್ನು ಮಾತ್ರ ಹಾಗೇ ಉಳಿಸಿಕೊಂಡೆ, ಅದು ಈಗಲೂ ಉದ್ದವೇ. ಆಮೇಲೆ ಹೆಸರುಗಳ ಪಕ್ಕದ ಚಿತ್ರವನ್ನು ಒಂದೊಂದಾಗಿ ವಿವರಿಸಿ, "ಗುಂಡನನ್ನು ಯಾರೂ ಬಿಟ್ಟುಹೋಗಲಿಲ್ಲ. ಎದ್ದುಹೋದವಳು ನಾನು" ಎಂದು ಮುಗಿಸಿದೆ. ನವೀನ್ ಒಂದಕ್ಷರ ತೆಗೆಯಲಿಲ್ಲ.

ಆಗಬೇಕಾದದ್ದೆಲ್ಲ ಆಯಿತು. ಮಂಡಿ ಸಾಲಿನವರು ಮತ್ತೆ ಕೂಗಿದರು. ನೋಡದೆ ಬರೆದವಳಿಗೆ ಇಷ್ಟು ವರ್ಷ ಸಂಬಳ ಯಾಕೆ ಕೊಟ್ಟಿರಿ ಎಂದು ಇಬ್ಬರು ಪತ್ರ ಬರೆದರು, ಅವೂ ಅಚ್ಚಾದವು. ಬೀಳ್ಕೊಡುಗೆಯ ದಿನ ಭಾಷಣ ಮಾಡಿದವರೆಲ್ಲ ನನ್ನ ಕೈಬರಹವನ್ನು ಹೊಗಳಿ ಸುಮ್ಮನಾದರು. ನೋವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಮನೆಗೆ ಬಂದು ಅತ್ತೆ.

ಅದಾಗಿ ಸ್ವಲ್ಪ ದಿನಕ್ಕೆ ಜಯಮ್ಮ ಮತ್ತೆ ಫೋನು ಮಾಡಿದರು.

"ತಾಯಿ, ಆ ಪೇಪರ್ ಇನ್ನೊಂದು ಸಿಕ್ತದಾ? ನಮ್ದು ಮಡಿಕೆಯಾಗೆ ಹರಿದೋಗ್ತಾ ಐತೆ."

"ಸಿಗುತ್ತೆ ಜಯಮ್ಮ. ಎತ್ತಿಡೋಕಾ?"

"ಎತ್ತಿಡಕ್ಕಲ್ಲ. ದಿನಾ ಇವ್ರಿಗೆ ಓದಿ ಹೇಳ್ತೀನಿ. ಗುಂಡ ಅಂದ್ರೆ ಯಾರು ಅಂತಾರೆ. ಮೊದಲಿಂದ ಕಥೆ ಹೇಳ್ತೀನಿ. ಎಲ್ಲಾ ಕೇಳ್ಕೊಂಡು, ನೆನಪು ಹೋದ್ಮೇಲೆ ಅವನ್ನ ಬಿಟ್ಟೋದ್ರಾ ಅಂತ ಗಾಬರಿ ಬೀಳ್ತಾರೆ. ಬಿಡ್ಲಿಲ್ಲ, ನೋಡಿ ಇಲ್ಲಿ ಅಚ್ಚು ಹಾಕವ್ರೆ ಅಂತ ತೋರಿಸ್ತೀನಿ. ಆಗ ಸಮಾಧಾನ ಆಗಿ ಊಟ ಮಾಡ್ತಾರೆ. ನಾಳೆ ಮತ್ತೆ ಕೇಳ್ತಾರೆ."

ನಾನು ಬರೆದ ಯಾವ ವಿಮರ್ಶೆಯನ್ನೂ ಯಾರೂ ಎರಡು ಸಲ ಓದಿದ್ದು ನನಗೆ ಗೊತ್ತಿಲ್ಲ. ಮಾರನೆಯ ದಿನ ಕಚೇರಿಗೆ ಹೋಗಿ, ಹಳೇ ಕಟ್ಟುಗಳನ್ನೆಲ್ಲ ಬಿಚ್ಚಿಸಿ, ಆ ದಿನದ ಪತ್ರಿಕೆಗಳು ಎಷ್ಟು ಉಳಿದಿದ್ದವೋ ಅಷ್ಟನ್ನೂ ಬಸ್ತಿಹಳ್ಳಿಗೆ ಕೊಟ್ಟುಬಂದೆ.